ಮರದ ಸ್ಲೀಪರ್ ಅಳತೆಗೇ ಕಾಂಕ್ರೀಟ್ ಸ್ಲೀಪರ್ ಎರಕ ಹೊಯ್ದರೆ ಸಾಕಾ?

ನೀವು ಕೇಳಿರೋದು ಇಷ್ಟು: ತುಮಕೂರಿನಲ್ಲಿ ಸಿವಿಲ್ ಡಿಪ್ಲೊಮಾ ಕೊನೆ ವರ್ಷ, ಪ್ರಾಜೆಕ್ಟ್‌ಗೆ ರೈಲ್ವೆ ಸ್ಲೀಪರ್ (ಹಳಿಗಳ ಕೆಳಗೆ ಅಡ್ಡ ಹಾಕುವ ತೊಲೆ) ತಗೊಂಡಿದ್ದೀರಿ. ಹಳೆಯ ಬ್ರಾಡ್ ಗೇಜ್ ಮರದ ಸ್ಲೀಪರಿನ ಅಳತೆಯನ್ನೇ (2750 × 250 × 130 ಮಿ.ಮೀ.) ಇಟ್ಟುಕೊಂಡು, ಎಂ-30 (ಚದರ ಮಿ.ಮೀ.ಗೆ 30 ನ್ಯೂಟನ್ ಒತ್ತಡ ತಡೆಯುವ) ಕಾಂಕ್ರೀಟ್‌ನಲ್ಲಿ, ಮೇಲೆ ಕೆಳಗೆ 12 ಮಿ.ಮೀ. ಕಂಬಿ ಕಟ್ಟಿ ಎರಕ ಹೊಯ್ದರೆ ಸಾಕಾ ಅಂತ.

ಸಾಕಾಗಲ್ಲ. ಕಂಬಿ ದಪ್ಪ ಮಾಡಿದರೂ ಸಾಕಾಗಲ್ಲ. ಯಾಕೆ ಅನ್ನೋದು ಗೊತ್ತಾಗಬೇಕಾದರೆ ಸ್ಲೀಪರ್ ಮೇಲೆ ಬೀಳುವ ಭಾರವನ್ನು ಒಮ್ಮೆ ನೀವೇ ಕೂತು ಲೆಕ್ಕ ಹಾಕಬೇಕು.

22.5 ಟನ್ ಆಕ್ಸಲ್ ಲೋಡ್ ಹಿಡಿಯಿರಿ. ಒಂದು ಚಕ್ರಕ್ಕೆ 11.25 ಟನ್. ಅದು ನಿಂತ ಗಾಡಿಯ ಭಾರ. ಓಡುವಾಗ ಚಪ್ಪಟೆಯಾದ ಚಕ್ರ, ತಗ್ಗಿದ ಜಾಯಿಂಟ್, ಸಡಿಲ ಪ್ಯಾಕಿಂಗ್ (ಸ್ಲೀಪರ್ ಕೆಳಗೆ ಜಲ್ಲಿ ತುರುಕಿ ಬಿಗಿ ಮಾಡೋದು) ಎಲ್ಲ ಸೇರಿ ಹೊಡೆತ ಹೆಚ್ಚುತ್ತೆ, ಅದಕ್ಕೆ 2.5 ಪಟ್ಟು. ಹಳಿ ಗಟ್ಟಿಯಾಗಿರೋದರಿಂದ ಭಾರ ಅಕ್ಕಪಕ್ಕದ ಸ್ಲೀಪರ್‌ಗಳಿಗೂ ಹಂಚಿಹೋಗಿ, ಚಕ್ರದ ನೇರ ಕೆಳಗಿನ ಸ್ಲೀಪರ್‌ಗೆ ಸುಮಾರು 55 ಪರ್ಸೆಂಟ್ ಉಳಿಯುತ್ತೆ. 11.25 × 2.5 × 0.55, ಅಂದರೆ ಒಂದೊಂದು ರೈಲ್ ಸೀಟ್ (ಸ್ಲೀಪರ್ ಮೇಲೆ ಹಳಿ ಕೂರುವ ಜಾಗ) ಮೇಲೆ ಸುಮಾರು 15.5 ಟನ್.

ಎರಡು ಹಳಿಗಳ ಮಧ್ಯರೇಖೆಯಿಂದ ಮಧ್ಯರೇಖೆಗೆ ಸುಮಾರು 1.75 ಮೀಟರ್, ಸ್ಲೀಪರ್ ಉದ್ದ 2.75 ಮೀಟರ್. ಹಾಗಾಗಿ ಹಳಿಯಿಂದ ಆಚೆಗೆ ಅರ್ಧ ಮೀಟರ್ ಚಾಚಿರುತ್ತೆ. ಹಳಿಯ ಕೆಳಗೆ ಒಂದು ಮೀಟರ್ ಉದ್ದಕ್ಕೆ ಜಲ್ಲಿ ಸಮವಾಗಿ ಆನಿಸಿಕೊಂಡಿದೆ ಅಂದುಕೊಂಡರೆ ರೈಲ್ ಸೀಟ್‌ನಲ್ಲಿ ಬಾಗುವ ಮೊಮೆಂಟ್ (ಸ್ಲೀಪರನ್ನು ಬಗ್ಗಿಸುವ ಬಲದ ಅಳತೆ) 15.5 × (2.75 − 1.75) ÷ 8 = 1.94 ಟನ್-ಮೀಟರ್. ಹತ್ತಿರ ಹತ್ತಿರ 19 ಕಿಲೋನ್ಯೂಟನ್-ಮೀಟರ್.

ಈಗ ನಿಮ್ಮ 250 × 130ರ ಸೆಕ್ಷನ್ ನೋಡಿ. ಸೆಕ್ಷನ್ ಮಾಡ್ಯುಲಸ್ (ಆ ಆಕಾರ ಬಾಗುವಿಕೆಯನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆ) 7.04 ಲಕ್ಷ ಘನ ಮಿ.ಮೀ. ಮೊಮೆಂಟನ್ನು ಅದರಿಂದ ಭಾಗಿಸಿದರೆ ತಳದಲ್ಲಿ ಎಳೆತ ಚದರ ಮಿ.ಮೀ.ಗೆ 27 ನ್ಯೂಟನ್. ಎಂ-30 ಕಾಂಕ್ರೀಟ್ ಬಾಗುವಾಗ ತಡೆಯೋದು 0.7√30, ಅಂದರೆ 3.8. ಏಳನೇ ಒಂದು ಭಾಗದ ಭಾರಕ್ಕೇ ಬಿರುಕು ಬಿಡುತ್ತೆ. ಬಿರುಕು ಬಿಟ್ಟ ಮೇಲೆ ಕಂಬಿ ಹಿಡಿಯುತ್ತಲ್ಲ ಅಂತ ನೀವು ಕೇಳಬಹುದು. ಮನೆಯ ಬೀಮ್‌ಗೆ ಆ ವಾದ ಸರಿ. ಅಲ್ಲಿ ಭಾರ ಒಂದೇ ಸಮ ಕೂತಿರುತ್ತೆ. ಇಲ್ಲಿ 58 ಬಾಕ್ಸ್‌ಎನ್ ವ್ಯಾಗನ್‌ಗಳ ಒಂದು ಗೂಡ್ಸ್ ಹೋದರೆ ವ್ಯಾಗನ್ನಿನ ಆಕ್ಸಲ್‌ಗಳೇ 232. ಅಷ್ಟು ಸಲ ಬಿರುಕು ಬಾಯಿ ತೆರೆದು ಮುಚ್ಚುತ್ತೆ. ನೀರು, ಜಲ್ಲಿಯ ಪುಡಿ ಒಳಗೆ ಸೇರಿ ಅಂಚು ಸವೆಯುತ್ತೆ, ಕಂಬಿ ತುಕ್ಕು ಹಿಡಿಯುತ್ತೆ, ಕಂಬಿ ದಣಿದು ತುಂಡಾಗುತ್ತೆ. ಸಾಲ್ ಮರ 130 ಮಿ.ಮೀ.ಗೇ ಬಾಳಿದ್ದು ಅದರ ನಾರು ಎಳೆತವನ್ನೂ ತಡೆಯೋದರಿಂದ, ಭಾರ ಬಿದ್ದಾಗ ಬಾಗಿ ಹೊಡೆತವನ್ನು ನುಂಗೋದರಿಂದ.

ಅದಕ್ಕೇ ಕಾಂಕ್ರೀಟ್ ಸ್ಲೀಪರ್ ಅಂದರೆ ಪ್ರೀಸ್ಟ್ರೆಸ್ ಸ್ಲೀಪರ್. ಎಳೆತ ಬರುವ ಮೊದಲೇ ಇಡೀ ತುಂಡನ್ನು ಒತ್ತಿ ಹಿಡಿದಿರಬೇಕು. ನಮ್ಮ ರೈಲ್ವೆಯಲ್ಲಿ ಬಹುಕಾಲದಿಂದ ಎಲ್ಲ ಕಡೆ ಹಾಕಿರುವ 60 ಕೆ.ಜಿ. (ಒಂದು ಮೀಟರಿನ ತೂಕ) ಹಳಿಯ ಸ್ಲೀಪರ್, ಆರ್‌ಡಿಎಸ್‌ಒ (ರೈಲ್ವೆಯ ವಿನ್ಯಾಸ, ಸಂಶೋಧನಾ ಸಂಸ್ಥೆ) ಡ್ರಾಯಿಂಗ್ ಟಿ-2496, ಇದಕ್ಕೆ ಒಳ್ಳೆ ಮಾದರಿ. ಉದ್ದ ಅದೇ 2750. ರೈಲ್ ಸೀಟ್‌ನಲ್ಲಿ ಮೇಲಗಲ 154, ತಳದ ಅಗಲ 250, ಎತ್ತರ 210 ಮಿ.ಮೀ. ಒಳಗೆ 3 ಮಿ.ಮೀ.ಯ ಮೂರು ತಂತಿ ಹೊಸೆದ ಹೈ ಟೆನ್ಸೈಲ್ ಸ್ಟ್ರ್ಯಾಂಡ್ 18; ಒಂದೊಂದನ್ನೂ ಸುಮಾರು 27 ಕಿಲೋನ್ಯೂಟನ್‌ಗೆ ಎಳೆದಿರುತ್ತಾರೆ. ಕಾಂಕ್ರೀಟ್ ಎಂ-55. ಇದಕ್ಕೂ ಅದೇ ಲೆಕ್ಕ ಹಾಕಿ. ಒಟ್ಟು 486 ಕಿಲೋನ್ಯೂಟನ್‌ನಲ್ಲಿ ಕಾಲು ಭಾಗ ಕ್ರೀಪ್ (ಒತ್ತಡದಲ್ಲಿ ಕಾಂಕ್ರೀಟ್ ನಿಧಾನವಾಗಿ ಕುಗ್ಗೋದು), ಶ್ರಿಂಕೇಜ್ (ಒಣಗಿ ಕುಗ್ಗೋದು), ಸ್ಟೀಲಿನ ಸಡಿಲಿಕೆಗೆ ಹೋಯಿತು ಅಂತ ಬಿಟ್ಟರೂ ಚದರ ಮಿ.ಮೀ.ಗೆ 8.6 ನ್ಯೂಟನ್ ಒತ್ತಡ ಉಳಿಯುತ್ತೆ. ಆ ಸೆಕ್ಷನ್‌ನಲ್ಲಿ ನಮ್ಮ ಮೊಮೆಂಟ್ ತರುವ ಎಳೆತ 12. ಮಿಕ್ಕಿದ್ದು 3.4, ಎಂ-55 ತಡೆಯೋದು 5.2. ಬಿರುಕಿಲ್ಲ. ನಿಮ್ಮ ರಿಪೋರ್ಟ್‌ನಲ್ಲಿ ಈ ಎರಡು ಲೆಕ್ಕ ಅಕ್ಕಪಕ್ಕ ಇಟ್ಟರೆ ಅರ್ಧ ಪ್ರಾಜೆಕ್ಟ್ ಮುಗಿದ ಹಾಗೆ.

ಬಹಳಷ್ಟು ಜನ ಮರೆಯೋದು ಸ್ಲೀಪರಿನ ನಡುಭಾಗವನ್ನು. ಹಳಿಯ ಕೆಳಗೆ ಸ್ಲೀಪರ್ ಕೆಳಮುಖವಾಗಿ ಬಾಗುತ್ತೆ, ಎಳೆತ ತಳದಲ್ಲಿ. ನಡುವೆ ಉಲ್ಟಾ: ತುದಿಗಳು ಇಳಿದು ನಡು ಮೇಲಕ್ಕೆ ಉಬ್ಬುತ್ತೆ, ಎಳೆತ ನೆತ್ತಿಯಲ್ಲಿ. ಗಾಡಿ ಓಡಿ ಓಡಿ ಹಳಿಯ ಕೆಳಗಿನ ಜಲ್ಲಿ ಕುಸಿದು, ಇಡೀ ಉದ್ದಕ್ಕೂ ಜಲ್ಲಿ ಒಂದೇ ಸಮ ಆನಿಸಿಕೊಂಡರೆ ನಡುವಿನ ಮೊಮೆಂಟ್ 15.5 × (2 × 1.75 − 2.75) ÷ 4 = 2.9 ಟನ್-ಮೀಟರ್. ರೈಲ್ ಸೀಟ್‌ಗಿಂತ ಒಂದೂವರೆ ಪಟ್ಟು! ಅದನ್ನು ತಡೆಯುವ ಹಾಗೆ ನಡುವನ್ನು ಮಾಡಹೊರಟರೆ ಸ್ಲೀಪರ್ ಎತ್ತಲಾರದಷ್ಟು ಭಾರ ಆಗುತ್ತೆ. ಆದ್ದರಿಂದ ಡಿಸೈನ್‌ನಲ್ಲಿ ನಡುವೆ ಜಲ್ಲಿಯ ಆಸರೆ ಹಳಿಯ ಕೆಳಗಿನದರ ಅರ್ಧ ಮಾತ್ರ ಅಂತ ಹಿಡಿಯುತ್ತಾರೆ. ಆಗ ಮೊಮೆಂಟ್ 1.7ರ ಸುತ್ತ ನಿಲ್ಲುತ್ತೆ. ಲೈನ್ ಮೇಲೆ ಅದು ನಿಜವಾಗಬೇಕಾದರೆ ನಡುವಿನ ಸುಮಾರು 80 ಸೆಂ.ಮೀ. ಜಾಗದಲ್ಲಿ ಜಲ್ಲಿಯನ್ನು ಗಟ್ಟಿಯಾಗಿ ಪ್ಯಾಕ್ ಮಾಡಬಾರದು. ನಡುವೆ ನೆತ್ತಿಯಲ್ಲಿ ಅಡ್ಡ ಬಿರುಕು ಬಿಟ್ಟ ಸ್ಲೀಪರ್ ಕಂಡರೆ ಫ್ಯಾಕ್ಟರಿಯನ್ನು ಬೈಯುವ ಮೊದಲು ಪ್ಯಾಕಿಂಗ್ ನೋಡಬೇಕು.

ಸ್ಲೀಪರಿನ ಆಕಾರದಲ್ಲೇ ಇದಕ್ಕೊಂದು ಉತ್ತರ ಇದೆ, ನನಗೆ ಬಹಳ ಇಷ್ಟವಾದ ಭಾಗ ಅದು. ತಳ ಮಟ್ಟಸ, ಸ್ಟ್ರ್ಯಾಂಡ್‌ಗಳು ತುದಿಯಿಂದ ತುದಿಗೆ ನೇರ. ಎತ್ತರ ಮಾತ್ರ ರೈಲ್ ಸೀಟ್‌ನಲ್ಲಿ 210, ನಡುವೆ ಸುಮಾರು 180. ಎತ್ತರ ತಗ್ಗಿದಾಗ ಸೆಕ್ಷನ್ನಿನ ಗುರುತ್ವ ಕೇಂದ್ರ ಕೆಳಗಿಳಿಯುತ್ತೆ, ಸ್ಟ್ರ್ಯಾಂಡ್ ಇದ್ದಲ್ಲೇ ಇರುತ್ತೆ. ಹಾಗಾಗಿ ರೈಲ್ ಸೀಟ್‌ನಲ್ಲಿ ಸ್ಟ್ರ್ಯಾಂಡ್‌ಗಳು ಕೇಂದ್ರದ ಕೆಳಗೆ ಬಂದು ತಳವನ್ನು ಹೆಚ್ಚು ಒತ್ತುತ್ತವೆ. ನಡುವೆ ಕೇಂದ್ರದ ಮೇಲೆ ಬಂದು ನೆತ್ತಿಯನ್ನು ಹೆಚ್ಚು ಒತ್ತುತ್ತವೆ. ಒಂದು ತಂತಿಯನ್ನೂ ಬಗ್ಗಿಸದೆ ಎರಡೂ ಕಡೆ ಬೇಕಾದ ಒತ್ತಡ ಬಂತು. ನಿಮ್ಮ ಒಂದೇ ಎತ್ತರದ ಆಯತದಲ್ಲಿ ಇದು ಸಾಧ್ಯವೇ ಇಲ್ಲ.

ಹೊಸೆದ ಸ್ಟ್ರ್ಯಾಂಡೇ ಯಾಕೆ, ಬಿಡಿ ತಂತಿ ಯಾಕಲ್ಲ? ಎಳೆದ ತಂತಿಯನ್ನು ತುದಿಯಲ್ಲಿ ಕತ್ತರಿಸಿದಾಗ ಅದರ ಒತ್ತಡ ಕಾಂಕ್ರೀಟ್‌ಗೆ ಪೂರ್ತಿ ದಾಟಲು ಒಂದಷ್ಟು ಉದ್ದ ಬೇಕು. ಪ್ರೀಸ್ಟ್ರೆಸ್ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 1343ರ ಪ್ರಕಾರ ನುಣುಪು ಅಥವಾ ಇಂಡೆಂಟ್ ಮಾಡಿದ (ಮೈಮೇಲೆ ತಗ್ಗು ಒತ್ತಿದ) ತಂತಿಗೆ ವ್ಯಾಸದ 100 ಪಟ್ಟು, ಕ್ರಿಂಪ್ ಮಾಡಿದ (ಅಲೆಯಂತೆ ಬಗ್ಗಿಸಿದ) ತಂತಿಗೆ 65 ಪಟ್ಟು, ಸ್ಟ್ರ್ಯಾಂಡ್‌ಗೆ 30 ಪಟ್ಟು. ಈ ಸ್ಟ್ರ್ಯಾಂಡ್ ಸುಮಾರು 6.5 ಮಿ.ಮೀ. ದಪ್ಪ, ಹಾಗಾಗಿ 200 ಮಿ.ಮೀ. ಒಳಗೇ ಕೆಲಸ ಮುಗಿಯುತ್ತೆ. ರೈಲ್ ಸೀಟ್ ಇರೋದು ತುದಿಯಿಂದ 500ರಲ್ಲಿ. ನಿಶ್ಚಿಂತೆ.

ಮರ ಸದ್ದಿಲ್ಲದೆ ಮಾಡುತ್ತಿದ್ದ ಬೇರೆ ಕೆಲಸಗಳಿಗೂ ಈಗ ನೀವೇ ವ್ಯವಸ್ಥೆ ಮಾಡಬೇಕು. ಮರಕ್ಕೆ ಡಾಗ್ ಸ್ಪೈಕ್ (ಹಳಿ ಹಿಡಿಯುವ ದಪ್ಪ ಮೊಳೆ) ಹೊಡೆದರೆ ಹಿಡಿದುಕೊಳ್ಳುತ್ತಿತ್ತು, ಗೇಜ್ ಸರಿಯಿಲ್ಲದಿದ್ದರೆ ಕಿತ್ತು ಪಕ್ಕದಲ್ಲಿ ಹೊಡೆಯಬಹುದಿತ್ತು. ಕಾಂಕ್ರೀಟ್‌ನಲ್ಲಿ ಎರಕದ ಕಬ್ಬಿಣದ ಇನ್ಸರ್ಟ್ (ಕ್ಲಿಪ್ ಸಿಕ್ಕಿಸುವ ಕಣ್ಣಿರುವ ತುಂಡು) ನಾಲ್ಕನ್ನು ಅಚ್ಚಿನಲ್ಲೇ ಕೂರಿಸಬೇಕು. ಅಲ್ಲಿ ಒಂದೆರಡು ಮಿ.ಮೀ. ಸರಿದರೂ ಗೇಜ್ ಆ ಸ್ಲೀಪರಿನ ಆಯುಷ್ಯಪೂರ್ತಿ ತಪ್ಪೇ. ಹಳಿ ಒಳಕ್ಕೆ ವಾಲಲು ಬೇಕಾದ 20ಕ್ಕೆ 1ರ ಇಳಿಜಾರೂ ಅಚ್ಚಿನಲ್ಲೇ ಬರಬೇಕು. ಹೊಡೆತ ನುಂಗಲು ಹಳಿಯ ಕೆಳಗೆ ಗೀರಿನ ರಬ್ಬರ್ ಪ್ಯಾಡ್. ಹಳಿ ಒತ್ತಿ ಹಿಡಿಯಲು ಸ್ಪ್ರಿಂಗ್ ಸ್ಟೀಲಿನ ಇಆರ್‌ಸಿ ಕ್ಲಿಪ್. ಮಾರ್ಕ್-3 ಕ್ಲಿಪ್ ಒಂದಕ್ಕೆ 850ರಿಂದ 1100 ಕೆ.ಜಿ. ಟೋ ಲೋಡ್ (ಹಳಿಯ ಪಾದವನ್ನು ಒತ್ತುವ ಬಲ). ಒಣ ಮರ ಕರೆಂಟ್ ಬಿಡುತ್ತಿರಲಿಲ್ಲ. ಕಾಂಕ್ರೀಟ್ ಮಳೆಯಲ್ಲಿ ಬಿಡುತ್ತೆ, ಆದ್ದರಿಂದ ಕ್ಲಿಪ್ಪಿಗೂ ಹಳಿಗೂ ನಡುವೆ ಗ್ಲಾಸ್ ತುಂಬಿದ ನೈಲಾನ್ ಲೈನರ್. ಅದು ಒಡೆದರೆ, ಪ್ಯಾಡ್ ಸವೆದರೆ, ಟ್ರ್ಯಾಕ್ ಸರ್ಕ್ಯೂಟ್ (ಹಳಿಯಲ್ಲಿ ಕರೆಂಟ್ ಹರಿಸಿ ಗಾಡಿ ಇದೆಯಾ ಅಂತ ತಿಳಿಯುವ ವ್ಯವಸ್ಥೆ) ಬೀಳುತ್ತೆ, ಗಾಡಿಯೇ ಇಲ್ಲದ ಲೈನಿಗೆ ಸಿಗ್ನಲ್ ಕೆಂಪಾಗುತ್ತೆ.

ತುಮಕೂರು ಸ್ಟೇಷನ್ನಿನ ಅಥವಾ ನಂದಿ ಹಾಲ್ಟ್‌ನ ಪ್ಲಾಟ್‌ಫಾರ್ಮ್ ಮೇಲಿಂದಲೇ (ಹಳಿಗೆ ಇಳಿಯಬೇಡಿ) ಒಂದು ಕ್ಲಿಪ್ಪನ್ನು ಗಮನವಿಟ್ಟು ನೋಡಿ. ಇನ್ಸರ್ಟಿನ ಕಣ್ಣೊಳಗೆ ಹೋಗುವ ನಡುಗಾಲಿನ ಸುತ್ತ ಕಪ್ಪು ಗ್ರೀಸ್ ಇದ್ದರೆ ಆರೈಕೆ ಆಗಿದೆ. ಕೆಂಪು ತುಕ್ಕು ಕಟ್ಟಿ ಕ್ಲಿಪ್ಪೂ ಇನ್ಸರ್ಟೂ ಒಂದೇ ಆಗಿದ್ದರೆ ಅದು ಜಾಮ್. ಬಿಚ್ಚಬೇಕಾದ ದಿನ ಸುತ್ತಿಗೆ ಏಟಿಗೆ ಕಾಂಕ್ರೀಟೇ ಚಕ್ಕೆ ಏಳುತ್ತೆ. ರಬ್ಬರ್ ಪ್ಯಾಡ್ ಹಳಿಯ ಪಾದದ ಕೆಳಗಿಂದ ಪಕ್ಕಕ್ಕೆ ತೆವಳಿ ನಾಲಿಗೆ ಚಾಚಿದ ಹಾಗೆ ಕಂಡರೆ ಆ ಜಾಗದಲ್ಲಿ ಹಿಡಿತ ಸಡಿಲಾಗಿದೆ ಅಂತ ಅರ್ಥ.

ಲೈನ್ ಮೇಲೆ ಹಾಕೋದಕ್ಕೂ ಬೇರೆ ನಿಯಮ. ಒಂದು ಮರದ ಸ್ಲೀಪರ್ ಕೊಳೆತಿದೆ ಅಂತ ಅದರ ಜಾಗದಲ್ಲಿ ಒಂದೇ ಒಂದು ಕಾಂಕ್ರೀಟಿನದನ್ನು ತೂರಿಸಬಾರದು. ಮೆತ್ತನೆಯವುಗಳ ನಡುವಿನ ಗಟ್ಟಿಯದು ಎಲ್ಲರ ಭಾರವನ್ನೂ ತಾನೇ ಎಳೆದುಕೊಂಡು ಮೊದಲು ಒಡೆಯುತ್ತೆ. ಇಡೀ ಉದ್ದವನ್ನೇ ಬದಲಿಸಬೇಕು. ಕಿಲೋಮೀಟರಿಗೆ 1660ರ ಲೆಕ್ಕದಲ್ಲಿ, ಒಂದೊಂದು ಸುಮಾರು 267 ಕೆ.ಜಿ., ಅಂದರೆ 440 ಟನ್ ದಾಟುತ್ತೆ. ಮರದ್ದನ್ನು ಗ್ಯಾಂಗ್‌ನವರು ಕೈಯಲ್ಲೇ ಎತ್ತಿ ಜೋಡಿಸುತ್ತಿದ್ದರು, ಇದಕ್ಕೆ ಕ್ರೇನ್ ಬೇಕು. ಪ್ಯಾಕಿಂಗ್‌ಗೂ ಟ್ಯಾಂಪಿಂಗ್ ಮಷಿನ್ ಬೇಕು; ಕೈಯಲ್ಲಿ ಜಲ್ಲಿ ಬಡಿಯುವ ಬೀಟರ್ ಏಟು ಅಂಚನ್ನು ಒಡೆಯುತ್ತೆ. ಫಿಶ್‌ಪ್ಲೇಟ್ ಜಾಯಿಂಟ್‌ಗಳ ಕೆಳಗೆ ಇವು ಬೇಗ ಹಾಳಾಗುತ್ತವೆ, ಆದ್ದರಿಂದ ಬೆಸುಗೆ ಹಾಕಿದ ಉದ್ದ ಹಳಿಯೇ ಸರಿ. ಹಳಿ ತಪ್ಪಿದ ಚಕ್ರ ಮರದ ಮೇಲೆ ಗುರುತು ಮಾಡಿ ಹೋದರೆ ಕಾಂಕ್ರೀಟಿನ ಸಾಲನ್ನೇ ಪುಡಿ ಮಾಡುತ್ತೆ. ಜಲ್ಲಿಯಿಲ್ಲದ ಗರ್ಡರ್ ಸೇತುವೆ ಮೇಲಂತೂ ಇದರ ಭಾರ, ಬಿಗುವು ಎರಡೂ ಹೊಂದಲ್ಲ. ಅಲ್ಲಿ ಮರ ಹೋಗಿ ಉಕ್ಕಿನ ಸ್ಲೀಪರ್ ಬಂತು.

ಜಲ್ಲಿ ವಿಷಯದಲ್ಲಿ ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಆದರೂ ಎರಡು ಎಚ್ಚರ. ಹಳಿಯ ಜಲ್ಲಿ 65 ಮಿ.ಮೀ. ಜರಡಿಯಲ್ಲಿ ನಿಲ್ಲೋದು 5 ಪರ್ಸೆಂಟ್ ಮೀರಬಾರದು, 20ರ ಜರಡಿಯಲ್ಲಿ 98 ಪರ್ಸೆಂಟ್ ನಿಲ್ಲಲೇಬೇಕು, ಅಬ್ರೇಷನ್ (ಉಜ್ಜಿದಾಗ ಸವೆಯುವ ಪ್ರಮಾಣ) 30 ಪರ್ಸೆಂಟ್ ಒಳಗಿರಬೇಕು. ಕ್ವಾರಿಯ ಮೇಲ್ಪದರದ ಹಳದಿ ತಿರುಗಿದ ಕಲ್ಲು ಇದಕ್ಕೆ ಬರಲ್ಲ. ಸ್ಲೀಪರ್ ಎರಕಕ್ಕೆ ಹಾಕುವ 20 ಮತ್ತು 10 ಮಿ.ಮೀ. ಜಲ್ಲಿಗೆ ಇನ್ನೊಂದು ಪರೀಕ್ಷೆ ಬೇಕು. ತುಮಕೂರು, ಕೋಲಾರದ ಗ್ನೈಸ್ ಕಲ್ಲಿನಲ್ಲಿ ನಲುಗಿದ ಕ್ವಾರ್ಟ್ಜ್ ಇರುವ ಸಾಧ್ಯತೆ ಇದೆ. ಅದು ಸಿಮೆಂಟಿನ ಕ್ಷಾರದೊಂದಿಗೆ ನಿಧಾನವಾಗಿ ಪ್ರತಿಕ್ರಿಯಿಸಿ ವರ್ಷಗಳ ಮೇಲೆ ಉಬ್ಬಿ ಉದ್ದುದ್ದ ಬಿರುಕು ತರಬಹುದು. ಕ್ವಾರಿ ಬದಲಾದಾಗಲೆಲ್ಲ ಪೆಟ್ರೋಗ್ರಫಿ (ಸೂಕ್ಷ್ಮದರ್ಶಕದಲ್ಲಿ ಕಲ್ಲಿನ ಪರೀಕ್ಷೆ) ಮಾಡಿಸಬೇಕು. ಸಿಮೆಂಟ್ 53-ಎಸ್, ಸ್ಲೀಪರಿಗೆಂದೇ ಇರುವ ದರ್ಜೆ. ಸ್ಟೀಮ್ ಕ್ಯೂರಿಂಗ್‌ನಲ್ಲಿ ಅವಸರ ಮಾಡಿ ಒಳಗಿನ ಉಷ್ಣತೆ 70 ಡಿಗ್ರಿ ದಾಟಿಸಿದರೆ ಎಟ್ರಿಂಜೈಟ್ ಎಂಬ ಹರಳು ತಡವಾಗಿ ಬೆಳೆದು ಅದೇ ತರಹದ ಬಿರುಕು ಬರುತ್ತೆ. ಪರೀಕ್ಷೆಯ ಕ್ಯೂಬ್ ಚದರ ಮಿ.ಮೀ.ಗೆ 40 ನ್ಯೂಟನ್ ಮುಟ್ಟುವ ತನಕ ಸ್ಟ್ರ್ಯಾಂಡ್ ಬಿಡಬಾರದು. ಬೇಗ ಬಿಟ್ಟರೆ ತುದಿಯಲ್ಲಿ ಸ್ಟ್ರ್ಯಾಂಡ್ ಒಳಕ್ಕೆ ಜಾರುತ್ತೆ, ಒತ್ತಡ ನಷ್ಟ.

ಇನ್ನು ನಿಮ್ಮ ಪ್ರಾಜೆಕ್ಟ್. ಪೂರ್ತಿ ಅಳತೆಯದನ್ನು ಕಾಲೇಜ್ ಲ್ಯಾಬ್‌ನಲ್ಲಿ ಮಾಡಲು ಹೋಗಬೇಡಿ. ಎಲ್ಲ ಅಳತೆಯನ್ನೂ ಅರ್ಧ ಮಾಡಿ: ಉದ್ದ 1375, ರೈಲ್ ಸೀಟ್ ಎತ್ತರ 105. ಭಾರ ಕಾಲು ಭಾಗ, ಅಂದರೆ 3.9 ಟನ್ ಹಾಕಿದರೆ ಸ್ಟ್ರೆಸ್ ಅಷ್ಟೇ ಬರುತ್ತೆ. ಪ್ರೀಸ್ಟ್ರೆಸ್ಸೂ ಕಾಲು ಭಾಗ, ಸುಮಾರು 121 ಕಿಲೋನ್ಯೂಟನ್; 4 ಮಿ.ಮೀ. ಎಚ್‌ಟಿ (ಹೈ ಟೆನ್ಸೈಲ್) ತಂತಿ 8, ಒಂದಕ್ಕೆ 15 ಕಿಲೋನ್ಯೂಟನ್ನಿನಂತೆ. ಸಿಮೆಂಟಿನ ವಿದ್ಯುತ್ ಕಂಬ ಎರಕ ಹೊಯ್ಯುವ ಯಾರ್ಡ್‌ಗಳಲ್ಲಿ ಈ ತಂತಿಯೂ ಇರುತ್ತೆ, ಎಳೆಯುವ ಬೆಡ್, ಜಾಕ್ ಕೂಡ ಇರುತ್ತೆ. ಬೆಡ್ಡಿನ ಕೊನೆಯಲ್ಲಿ ಒಂದೂವರೆ ಮೀಟರ್ ಜಾಗ ಕೇಳಿ. ಆದರೆ ಅರ್ಧ ಅಳತೆಯಲ್ಲಿ ರೈಲ್ ಸೀಟ್ ತುದಿಯಿಂದ 250ಕ್ಕೇ ಬರುತ್ತೆ. ಇಂಡೆಂಟ್ ತಂತಿಗೆ 400 ಬೇಕು, ಅಲ್ಲಿಗೆ ಒತ್ತಡ ಪೂರ್ತಿ ತಲುಪಿರಲ್ಲ. ಕ್ರಿಂಪ್ ಮಾಡಿದ ತಂತಿಯಾದರೆ 260, ಹೆಚ್ಚುಕಡಿಮೆ ಸರಿಹೋಗುತ್ತೆ; ಅದನ್ನೇ ಹುಡುಕಿ.

ಜೊತೆಗೆ ನಿಮ್ಮ ಎಂ-30 ಆಯತವನ್ನೂ ಅರ್ಧ ಅಳತೆಯಲ್ಲಿ ಹೊಯ್ದು ಇಡಿ. ಎರಡಕ್ಕೂ ರೈಲ್ ಸೀಟ್‌ನಲ್ಲಿ ನಿಧಾನವಾಗಿ ಭಾರ ಏರಿಸಿ ಮೊದಲ ಬಿರುಕಿನ ಭಾರ ಬರೆದುಕೊಳ್ಳಿ, ಭಾರ ಪೂರ್ತಿ ಇಳಿಸಿ ಭೂತಗನ್ನಡಿಯಲ್ಲಿ ಬಿರುಕು ಮುಚ್ಚಿತಾ ನೋಡಿ, ಮತ್ತೆ ಏರಿಸಿ ಎಷ್ಟಕ್ಕೆ ತೆರೆಯಿತು ಅಂತ ಬರೆಯಿರಿ. ಆಮೇಲೆ ತಲೆಕೆಳಗು ಮಾಡಿ ನಡುವಿಗೆ ಅದೇ ಪರೀಕ್ಷೆ. ಯಾರ್ಡ್‌ನಲ್ಲಿ ತಂತಿ ಎಳೆಯುವಾಗ, ಕತ್ತರಿಸುವಾಗ ಬೆಡ್ಡಿನ ಎರಡೂ ತುದಿಯಲ್ಲಿ ತಂತಿಯ ನೇರಕ್ಕೆ ಯಾರೂ ನಿಲ್ಲಬಾರದು. ಗ್ರಿಪ್ ಜಾರಿದ ತಂತಿ ದೇಹವನ್ನೇ ತೂರಿಕೊಂಡು ಹೋಗುತ್ತೆ.