ವಾಹಕ ಹುಡುಗನ ಕಣ್ಣಿಗೆ ಬಿದ್ದ ಪೆಟ್ಟು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಡಂಚಿನ ಹಾಡಿಯ ಹುಡುಗ, ಹದಿನಾಲ್ಕರ ಪ್ರಾಯ. ಆಟದಲ್ಲಿ ಚಿನ್ನಿ ಸಿಡಿದು ಎಡಗಣ್ಣಿಗೆ ಬಡಿಯಿತು. ಕರಿಗುಡ್ಡೆಯ ಒಳಗೆ, ತಳಭಾಗದಲ್ಲಿ ರಕ್ತ ನಿಂತಿತ್ತು. ಹನಿ ಔಷಧ ಕೊಟ್ಟು ಮನೆಗೆ ಕಳುಹಿಸಿದರು. ಕೆಲವೇ ದಿನಗಳಲ್ಲಿ ಆ ಕಣ್ಣಿನ ದೃಷ್ಟಿ ಹೋಯಿತು. ಅಕ್ಷಿಪಟಲಕ್ಕೆ ರಕ್ತ ಒಯ್ಯುವ ಮುಖ್ಯ ಅಪಧಮನಿ ಕಟ್ಟಿಕೊಂಡಿತ್ತು.

ತಾಯಿ ನನ್ನೆದುರು ಕುಳಿತು, ಪ್ಲಾಸ್ಟಿಕ್ ಚೀಲದಲ್ಲಿ ಪಡಿತರ ಚೀಟಿಯ ಜೊತೆ ಮಡಿಸಿಟ್ಟಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟರು. ಸಿಕಲ್ ಸೆಲ್, ಅಂದರೆ ರಕ್ತಕಣಗಳು ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ಕಾಯಿಲೆಯ ತಪಾಸಣೆಯ ಕಾರ್ಡು. ಹುಡುಗ ‘ವಾಹಕ’ ಎಂದಿತ್ತು, ಅಂದರೆ ಆ ದೋಷದ ವಂಶವಾಹಿ ಹೆತ್ತವರಲ್ಲಿ ಒಬ್ಬರಿಂದ ಮಾತ್ರ ಬಂದಿದೆ.

“ಇದು ಕಾಯಿಲೆಯಲ್ಲ, ಮದುವೆಯ ಹೊತ್ತಿಗೆ ನೋಡಿಕೊಂಡರೆ ಸಾಕು ಎಂದಿದ್ದರು ಮೇಡಂ. ಕಣ್ಣಿನ ಡಾಕ್ಟರಿಗೆ ತೋರಿಸಬೇಕೆಂದು ಯಾರೂ ಹೇಳಲಿಲ್ಲ. ಇದು ನನ್ನ ರಕ್ತದಿಂದಲೇ ಬಂದಿತಲ್ಲವೇ?”

2023ರಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಆರಂಭವಾದ ಮೇಲೆ ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ತಪಾಸಣೆ ನಡೆಯುತ್ತಿದೆ, ಒಳ್ಳೆಯದೇ. ಆದರೆ ‘ವಾಹಕ ಅಷ್ಟೇ’ ಎಂದು ಹೇಳಿ ಕಳುಹಿಸುವುದು ನಿಲ್ಲಬೇಕು. ಕಣ್ಣಿನ ಮುಂಭಾಗದ ದ್ರವದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಸಿಕ್ಕಿಕೊಂಡರೆ ವಾಹಕರ ರಕ್ತಕಣಗಳೂ ಕುಡುಗೋಲಿನಂತೆ ಬಾಗಿ ಗಡುಸಾಗುತ್ತವೆ, ದ್ರವ ಹರಿದುಹೋಗುವ ಜಾಲರಿಯನ್ನು ಮುಚ್ಚುತ್ತವೆ. ಕಣ್ಣಿನೊಳಗಿನ ಒತ್ತಡ ಏರುತ್ತದೆ, ಅಕ್ಷಿಪಟಲದ ಅಪಧಮನಿಯೂ ಕಟ್ಟಿಕೊಳ್ಳಬಹುದು. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಬೇರೆಯವರ ಕಣ್ಣು ಇನ್ನೂ ಹೆಚ್ಚಿನ ಒತ್ತಡವನ್ನು ಕೆಲವು ದಿನ ತಾಳೀತು; ವಾಹಕರಲ್ಲಿ 24 ದಾಟಿ ಒಂದಿಡೀ ದಿನ ಇಳಿಯದಿದ್ದರೆ ರಕ್ತವನ್ನು ತೊಳೆದು ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಒತ್ತಡ ಇಳಿಸಲು ಕೊಡುವ ಅಸೆಟಜೋಲಮೈಡ್ ಮಾತ್ರೆಯೂ ಕಣಗಳನ್ನು ಇನ್ನಷ್ಟು ಬಾಗಿಸಬಹುದು. ಹಾಗಾಗಿ ವೈದ್ಯರಿಗೆ ವಿಷಯ ಮೊದಲೇ ಗೊತ್ತಿರಬೇಕು.

ತಾಯಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅಪ್ಪ, ಅಮ್ಮ ಯಾರಿಂದ ಬಂದಿದ್ದರೂ ಅದು ಯಾರೂ ಆರಿಸಿಕೊಂಡು ಕೊಟ್ಟದ್ದಲ್ಲ. ಕಾರ್ಡು ತೋರಿಸಿದ್ದರೆ ಕಣ್ಣು ಖಂಡಿತ ಉಳಿಯುತ್ತಿತ್ತೆಂದು ಯಾರೂ ಹೇಳಲಾರರು. ತೋರಿಸಬೇಕೆಂದು ತಿಳಿಸುವ ಹೊಣೆ ಕಾರ್ಡು ಕೊಟ್ಟವರದಾಗಿತ್ತು. ಆಕೆ ಬಹಳ ಹೊತ್ತು ಅತ್ತರು. ನಾನು ತಡೆಯಲಿಲ್ಲ.

ಈಗ ಬಲಗಣ್ಣನ್ನು ಕಾಯಬೇಕು. ದಿನವಿಡೀ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಮಸೂರದ ಕನ್ನಡಕ ಇರಲಿ ಎಂದೆ. ಆ ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು, ಬಿಗಿಯಾಗಿ ಕಟ್ಟಬಾರದು, ಆಸ್ಪಿರಿನ್ ಅಥವಾ ಐಬುಪ್ರೊಫೇನ್ ನುಂಗಿಸಬಾರದು. ತಲೆ ಎತ್ತರಿಸಿ ಮಲಗಿಸಿ, ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅಲ್ಲಿ ಮೊದಲ ಮಾತೇ ‘ಹುಡುಗ ಸಿಕಲ್ ಸೆಲ್ ವಾಹಕ, ಕಣ್ಣಿನ ಒತ್ತಡ ಅಳೆಯಿರಿ’ ಎಂದಿರಲಿ. ರಕ್ತ ಮೊದಲ ಕೆಲವು ದಿನಗಳಲ್ಲಿ ಮತ್ತೆ ಸೋರಬಹುದು, ಹಾಗಾಗಿ ದಿನವೂ ತೋರಿಸಬೇಕು. ತಂಗಿಯ ಪರೀಕ್ಷೆ ಆಗಿಲ್ಲವೆಂದರು. ಅಂದೇ ಅವಳ ರಕ್ತವನ್ನು ಪರೀಕ್ಷೆಗೆ ಕೊಡಿಸಿದೆವು. ತರಗತಿಯಲ್ಲಿ ಅವನನ್ನು ಎಡಬದಿಯ ಬೆಂಚಿನಲ್ಲಿ ಕೂರಿಸಲು ಶಿಕ್ಷಕರಿಗೆ ಚೀಟಿ ಬರೆದೆ.

ಹುಡುಗನದು ಒಂದೇ ಪ್ರಶ್ನೆ: ಮತ್ತೆ ಆಡಬಹುದೇ? ಒಂಟಿ ಕಣ್ಣಿಗೆ ದೂರ ಅಳೆಯುವುದು ರೂಢಿಯಾಗಲು ಕೆಲವು ತಿಂಗಳು ಬೇಕು, ಆಮೇಲೆ ಕನ್ನಡಕ ಹಾಕಿಕೊಂಡು ಓಟ, ಕಬಡ್ಡಿ ಆಡಬಹುದು, ವೈದ್ಯರನ್ನು ಕೇಳಿಯೇ ಆಡು ಎಂದೆ. ಚಿನ್ನಿದಾಂಡು ಮಾತ್ರ ಬೇಡವೆಂದಾಗ ಅವನಿಗೆ ಒಪ್ಪಿಗೆಯಾಗಲಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತನಾಡಲಿದ್ದೇವೆ.