ಮಗನಿಗೆ ಆಟಿಸಂ ಎಂದಿದ್ದಾರೆ, ಕೊಡಗು ಬಿಟ್ಟು ಬೆಂಗಳೂರಿಗೆ ಹೋಗಬೇಕಾ?

ನೀವು ಕೇಳಿದ್ದು ಇಷ್ಟು: ಮಗನಿಗೆ 3 ವರ್ಷ. ಆಟಿಸಂ ಎಂದು ಹೋದ ತಿಂಗಳು ಗೊತ್ತಾಯಿತು. ಮನೆ ಸೋಮವಾರಪೇಟೆ ಹತ್ತಿರದ ಹಳ್ಳಿ, ಸ್ವಲ್ಪ ಕಾಫಿ ತೋಟ ಇದೆ. ಇಲ್ಲಿ ಏನೂ ಸಿಗಲ್ಲ, ತೋಟ ಯಾರಿಗಾದರೂ ಕೊಟ್ಟು ಬೆಂಗಳೂರು ಸೇರಿ ಎಂದು ನೆಂಟರು ಹೇಳುತ್ತಿದ್ದಾರೆ. ಊರಿನವರಿಗೆ ಇನ್ನೂ ಹೇಳಿಲ್ಲ. ಕೊಡಗಿನೊಳಗೇ ಏನಾದರೂ ಇದೆಯಾ? ನನಗೆ ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?

ನನ್ನ ಮಗನಿಗೆ ಈಗ 12. ಅವನಿಗೂ ಆಟಿಸಂ, ಅಂದರೆ ಮಾತು, ಜನರ ಜೊತೆ ಬೆರೆಯುವುದು, ನಡವಳಿಕೆ ಎಲ್ಲ ಬೇರೆ ರೀತಿ ಬೆಳೆಯುವ ಸ್ಥಿತಿ. ನಾವು ಮಡಿಕೇರಿ ತಾಲ್ಲೂಕಿನ ಹಳ್ಳಿಯಲ್ಲೇ ಉಳಿದೆವು. ಹಾಗಾಗಿ ನನ್ನ ಉತ್ತರ, ಈಗಲೇ ಹೊರಡಬೇಡಿ. ಆದರೆ ನಿಮ್ಮ ಪ್ರಶ್ನೆ ಓದುವಾಗ ನನಗೆ ಭಯ ಆಗಿದ್ದು ಬೆಂಗಳೂರಿನ ಮಾತಿಗಲ್ಲ. 'ಊರಿನವರಿಗೆ ಇನ್ನೂ ಹೇಳಿಲ್ಲ' ಎಂಬ ಸಾಲಿಗೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವೂ ಎರಡು ವರ್ಷ ಹೇಳಿರಲಿಲ್ಲ. ಯಾರಾದರೂ ಕೇಳಿದರೆ 'ಮಾತು ಸ್ವಲ್ಪ ತಡ, ಅವರಪ್ಪನೂ ಹಾಗೇ ಇದ್ದರಂತೆ' ಅನ್ನುತ್ತಿದ್ದೆ. ಮದುವೆಗೆ ಕರೆದರೆ ಗಂಡ ಒಬ್ಬರೇ ಹೋಗುತ್ತಿದ್ದರು. ನಾನು ಮಗನ ಜೊತೆ ಮನೆಯಲ್ಲಿ. ಅವನಿಗೆ 5 ವರ್ಷ ಇದ್ದಾಗ, ಜನವರಿ ತಿಂಗಳು, ಕಾಫಿ ಕುಯ್ಲಿನ ಗಡಿಬಿಡಿ. ನಾನು ಕಣದಲ್ಲಿ ಕಾಫಿ ಹರಡುತ್ತಿದ್ದೆ. ಅವನು ಪಕ್ಕದಲ್ಲೇ ಕೂತು ಬೀಜ ಕೈಯಿಂದ ಸುರಿಸುತ್ತಿದ್ದ. ಒಂದು ಸಲ ತಿರುಗಿ ನೋಡಿದರೆ ಇಲ್ಲ.

ನಲವತ್ತು ನಿಮಿಷ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಪಕ್ಕದ ತೋಟದ ಕೆರೆ ಏರಿಯ ಮೇಲೆ. ಕಾಲು ನೀರಿನಲ್ಲಿ ಬಿಟ್ಟುಕೊಂಡು ಕೂತಿದ್ದ. ಸ್ಪ್ರಿಂಕ್ಲರ್‌ಗೆ ಅಂತ ತೋಡಿದ ಕೆರೆ, ಅಂಚಿನಿಂದ ಎರಡು ಹೆಜ್ಜೆಗೇ ಆಳ. ಅದನ್ನು ಬರೆಯುವಾಗ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಆಮೇಲೆ ಗೊತ್ತಾಗಿದ್ದು, ದಾರಿಯಲ್ಲಿ ಅವನನ್ನು ಮೂರು ಜನ ನೋಡಿದ್ದರು. ಡೈರಿಗೆ ಹಾಲು ಹಾಕಿ ಬರುತ್ತಿದ್ದವರು, ಜೀಪಿನವರು, ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಅಕ್ಕ. ಯಾರೂ ತಡೆಯಲಿಲ್ಲ. ಯಾಕೆ ತಡೆಯಬೇಕು? ಹಳ್ಳಿ ದಾರಿಯಲ್ಲಿ ಐದು ವರ್ಷದ ಹುಡುಗ ನಡೆದು ಹೋಗುವುದು ವಿಶೇಷ ಏನಲ್ಲ. 'ಕರೆದೆ, ತಿರುಗಿ ನೋಡಲಿಲ್ಲ, ಏನೋ ಮುನಿಸು ಅಂದುಕೊಂಡೆ' ಅಂದರು ಜೀಪಿನವರು. ತಪ್ಪು ಅವರದಲ್ಲ. ಅವರಿಗೆ ನಾವು ಹೇಳಿರಲಿಲ್ಲ.

ಅಮೆರಿಕದಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ 4 ವರ್ಷದ ನಂತರ ಒಮ್ಮೆಯಾದರೂ ಹೀಗೆ ಹೊರಟುಹೋಗಲು ನೋಡಿದ್ದಾರೆ ಎಂದಿದೆ. ಹಲವು ಮಕ್ಕಳಿಗೆ ನೀರು ಅಂದರೆ ಸೆಳೆತ. ನಮ್ಮಲ್ಲಿ ತೋಟಕ್ಕೊಂದು ಕೆರೆ, ತಗ್ಗಿಗೊಂದು ತೋಡು. ಮಳೆಗಾಲದಲ್ಲಂತೂ ಎಲ್ಲ ಕಡೆ ನೀರು.

ಮಾರನೆ ದಿನ ನಾನೂ ನನ್ನ ಗಂಡನೂ ಮನೆ ಮನೆಗೆ ಹೋದೆವು. ಆಟಿಸಂ ಅಂದರೆ ಏನು ಎಂದು ದೊಡ್ಡ ಪಾಠ ಮಾಡಲಿಲ್ಲ. ನಾಲ್ಕೇ ಮಾತು. ಇವನ ಹೆಸರು ಕರೆದರೆ ತಿರುಗದೇ ಇರಬಹುದು, ಕಿವಿ ಸರಿ ಇದೆ. ಒಬ್ಬನೇ ಕಂಡರೆ ಕೂಗಬೇಡಿ, ಕೈ ಹಿಡಿದು ನಿಲ್ಲಿಸಿ ನಮಗೆ ಫೋನ್ ಮಾಡಿ. ನೀರಿನ ಕಡೆಗೆ ಹೋಗುತ್ತಾನೆ, ಅಲ್ಲೇ ಮೊದಲು ನೋಡಿ. ಅತ್ತರೆ ಒಂದು ಹಗ್ಗದ ತುಂಡು ಕೊಡಿ, ತಿರುಗಿಸುತ್ತಾ ಸುಮ್ನೆ ಕೂರುತ್ತಾನೆ. ಅಂಗಡಿಯವರಿಗೆ, ಬಸ್ಸಿನ ಕಂಡಕ್ಟರಿಗೆ, ಲೈನ್ ಮನೆಗಳಿಗೆ, ಅಂಗನವಾಡಿ ಟೀಚರಿಗೆ, ಎಲ್ಲರಿಗೂ ಇದೇ.

ಒಂದೆರಡು ಮನೆಯವರು ದೂರ ಆದರು. ನಾಗದೋಷ, ಪೂಜೆ ಮಾಡಿಸಿ ಎಂದವರೂ ಇದ್ದರು. ಅದು ನೋಯುತ್ತದೆ, ನೋಯುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಅದಾದ ಮೇಲೆ ಮಗ ಮತ್ತೆ ಎರಡು ಸಲ ಹೊರಟಿದ್ದ. ಎರಡೂ ಸಲ ಯಾರೋ ಕೈ ಹಿಡಿದು ಕರೆತಂದರು. ಒಮ್ಮೆ ಕರೆತಂದವಳು ಲೈನ್ ಮನೆಯ ಎಂಟು ವರ್ಷದ ಹುಡುಗಿ, ಅವಳ ಕೈಯಲ್ಲಿ ಹಗ್ಗದ ತುಂಡು ಇತ್ತು.

ಇನ್ನು ಚಿಕಿತ್ಸೆಯ ವಿಷಯ. ನಿಮಗೆ ಈಗ ಬೇಕಿರುವುದು ಬೆಂಗಳೂರಲ್ಲ, ಮೈಸೂರು. ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಕಡೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಅದೇ. 1960ರ ದಶಕದಿಂದ ಇದೆ. ಆಟಿಸಂಗೇ ಬೇರೆ ವಿಭಾಗ ಇದೆ. ಮಾತು, ಮನಸ್ಸು, ಕೈಕಾಲಿನ ಚಟುವಟಿಕೆ ಎಲ್ಲವನ್ನೂ ಒಂದೇ ಕಡೆ ನೋಡುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕ್ಕ ಮಕ್ಕಳಿಗೆ ಪ್ರಿಸ್ಕೂಲ್ ಇದೆ, ಅಲ್ಲಿ ಅಮ್ಮಂದಿರೂ ಜೊತೆಗೆ ಕೂತು ಕಲಿಯುತ್ತಾರೆ. ದೂರದಲ್ಲಿ ಇರುವವರಿಗೆ ವಿಡಿಯೋ ಕರೆಯ ಮೂಲಕವೂ ತರಬೇತಿ ಕೊಡುತ್ತಾರೆ, ಕೇಳಿ ನೋಡಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ನಮಗೆ ರೈಲು ಇಲ್ಲ, ಬಸ್ಸೇ ಗತಿ. ಆದರೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅಮ್ಮನ ಟಿಕೆಟ್ಟಿನ ಖರ್ಚು ಇಲ್ಲ. ನನ್ನಂಥವರಿಗೆ ಅದು ಸಣ್ಣ ವಿಷಯ ಅಲ್ಲ.

ವಾರಕ್ಕೆ ಒಂದು ಗಂಟೆ ಥೆರಪಿ ಸಿಕ್ಕಿದರೂ ಉಳಿದ ಹೊತ್ತು ಮಗು ನಿಮ್ಮ ಹತ್ತಿರವೇ ಇರುತ್ತದೆ. ಆದ್ದರಿಂದ ಥೆರಪಿಸ್ಟ್ ಹತ್ತಿರ ಹೋದಾಗ 'ಇದನ್ನು ಮನೆಯಲ್ಲಿ ಹೇಗೆ ಮಾಡಲಿ, ನಾನು ಮಾಡುತ್ತೇನೆ, ನೀವು ನೋಡಿ ತಿದ್ದಿ' ಎಂದು ಕೇಳಿ. ನಾನು ಕಲಿತ ದೊಡ್ಡ ವಿದ್ಯೆ ಕಾಯುವುದು. ಅವನಿಗೆ ಬೇಕಾದ ವಸ್ತು ಹಿಡಿದು, ಕೊಡುವ ಮೊದಲು ಹತ್ತು ಎಣಿಸುವಷ್ಟು ಹೊತ್ತು ಮುಖ ನೋಡುತ್ತಾ ಕಾಯುವುದು. ಅವನು ಕಣ್ಣೆತ್ತಿದರೂ ಸಾಕು, ಕೈ ಚಾಚಿದರೂ ಸಾಕು, ಕೊಟ್ಟುಬಿಡುತ್ತಿದ್ದೆ. ಆಮೇಲೆ ಫೋಟೋಗಳು. ನಮ್ಮದೇ ತಟ್ಟೆ, ನಮ್ಮದೇ ಬಚ್ಚಲು, ನಮ್ಮೂರಿಗೆ ಬರುವ ಬಸ್ಸು, ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ ರಟ್ಟಿಗೆ ಅಂಟಿಸಿದೆವು. ಮಾತಿಲ್ಲದ ದಿನಗಳಲ್ಲಿ ಅವನು ಚಿತ್ರ ತಂದು ಕೈಗೆ ಕೊಟ್ಟು ಕೇಳುತ್ತಿದ್ದ. ಚಿತ್ರ ತೋರಿಸಿದರೆ ಮಗು ಮಾತು ಕಲಿಯುವುದಿಲ್ಲ ಅನ್ನುತ್ತಾರೆ. ಅದು ತಪ್ಪು. ಬೇಕಾದ್ದನ್ನು ಕೇಳಲು ದಾರಿ ಸಿಕ್ಕಿದ ಮೇಲೆ ಅವನ ಅಳು ಎಷ್ಟೋ ಕಡಿಮೆ ಆಯಿತು.

ಒಂದು ವಿಷಯಕ್ಕೆ ನನಗೆ ಈಗಲೂ ಸಂಕಟ. ನಮ್ಮ ಮನೆ ಮಾತು ಅರೆಭಾಷೆ. ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಲೈನ್ ಮನೆಗಳಲ್ಲಿ ಮಲಯಾಳ, ಯರವ ಮಾತು. ಶುರುವಿನಲ್ಲಿ ನಾವು ತೋರಿಸಿದ ಒಬ್ಬ ವೈದ್ಯರು 'ಮಗುವಿಗೆ ಗೊಂದಲ ಆಗುತ್ತದೆ, ಒಂದೇ ಭಾಷೆ ಮಾತಾಡಿ, ಕನ್ನಡವೋ ಇಂಗ್ಲಿಷೋ' ಎಂದರು. ನಾವು ಅದನ್ನೇ ನಂಬಿದೆವು. ನನ್ನ ಅತ್ತೆಗೆ ಅರೆಭಾಷೆ ಬಿಟ್ಟರೆ ಬೇರೆ ಮಾತು ನಾಲಿಗೆಗೆ ಸಲೀಸಿಲ್ಲ. ತಪ್ಪಾಗಿ ಏನಾದರೂ ಆಗಿಬಿಟ್ಟರೆ ಎಂದು ಹೆದರಿ ಅವರು ಮೊಮ್ಮಗನ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದರು. ಸುಮಾರು ಒಂದು ವರ್ಷ. ಸುಮ್ನೆ ತಲೆ ಸವರಿ ಎದ್ದು ಹೋಗುತ್ತಿದ್ದರು. ಆಮೇಲೆ ಬೇರೆ ಕಡೆ ಸ್ಪೀಚ್ ಥೆರಪಿಸ್ಟ್ ಒಬ್ಬರು ಕೇಳಿ ಬೇಸರಪಟ್ಟರು. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿಗೆ ಮಾತು ಇನ್ನೂ ತಡ ಆಗುತ್ತದೆ ಎನ್ನಲು ಆಧಾರವಿಲ್ಲ, ಹಲವು ಅಧ್ಯಯನಗಳು ಇದನ್ನೇ ಹೇಳುತ್ತವೆ, ಮನೆಯವರು ಮನಸ್ಸು ಬಿಚ್ಚಿ ಆಡುವ ಭಾಷೆಯೇ ಮಗುವಿಗೆ ಬೇಕು ಎಂದರು. ಆ ಸಂಜೆ ಅತ್ತೆ ಅವನನ್ನು ಒಲೆ ಹತ್ತಿರ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿದರು. 6ನೇ ವರ್ಷದಲ್ಲಿ ಅವನು ಮೊದಲು ಆಡಿದ ಮಾತು 'ನೀರ್'. ಅರೆಭಾಷೆಯಲ್ಲೂ ಅದೇ, ಕೊಡವ ತಕ್ಕ್‌ನಲ್ಲೂ ಅದೇ. ಅತ್ತೆ ಅದನ್ನು ತಮ್ಮ ಮಾತು ಅಂದರು. ನಾವು ಹೌದು ಅಂದೆವು. ನಿಮ್ಮ ಮನೆಯಲ್ಲಿ ಯಾವ ಭಾಷೆ ಇದೆಯೋ ಅದನ್ನು ದಯವಿಟ್ಟು ನಿಲ್ಲಿಸಬೇಡಿ.

ಕೊಡಗಿನೊಳಗೇ ಏನಿದೆ ಎಂದು ಕೇಳಿದ್ದೀರಿ. ಸುಂಟಿಕೊಪ್ಪದಲ್ಲಿ 'ಸ್ವಸ್ಥ' ಎಂಬ ವಿಶೇಷ ಶಿಕ್ಷಣ ಮತ್ತು ಪುನರ್ವಸತಿ ಕೇಂದ್ರ ಇದೆ, ಕೂರ್ಗ್ ಫೌಂಡೇಶನ್ ನಡೆಸುವುದು. ಸೋಮವಾರಪೇಟೆ ಕಡೆಯವರಿಗೆ ಅದೇ ಹತ್ತಿರ. ದಕ್ಷಿಣಕ್ಕೆ ಪಾಲಿಬೆಟ್ಟದಲ್ಲಿ ಚೆಶೈರ್ ಹೋಮ್‌ನವರ ವಿಶೇಷ ಶಾಲೆ ಇದೆ. ಮಗ ಇನ್ನೂ ಚಿಕ್ಕವನು, ಅಲ್ಲಿಗೆ ಸೇರಿಸಲೇಬೇಕು ಎಂದಲ್ಲ. ಒಮ್ಮೆ ಹೋಗಿ ಟೀಚರುಗಳ ಹತ್ತಿರ ಮಾತಾಡಿ. ಹಲವು ಮಕ್ಕಳನ್ನು ನೋಡಿರುವವರು ಹತ್ತು ನಿಮಿಷದಲ್ಲಿ ಹೇಳುವ ಮಾತು ನಮಗೆ ಒಂದು ವರ್ಷ ಉಳಿಸುತ್ತದೆ. ಜೊತೆಗೆ ಈಗಲೇ ಊರಿನ ಅಂಗನವಾಡಿಗೆ ಕಳಿಸಿ, ದಿನಕ್ಕೆ ಒಂದು ಗಂಟೆಯಾದರೂ. ಬೇರೆ ಮಕ್ಕಳು ಇವನನ್ನು ನೋಡಿ ಬೆಳೆಯಬೇಕು. ನಾಳೆ ಶಾಲೆಯಲ್ಲಿ ಇವನ ಪರ ನಿಲ್ಲುವವರು ಆ ಮಕ್ಕಳೇ.

ಶಾಲೆ ಅಂದಾಗ ನೆನಪಾಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ವಿಧದ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಒಂದು. ಸರ್ಕಾರಿ ಶಾಲೆಯಾಗಲಿ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಯಾಗಲಿ, 'ಇಂಥ ಮಕ್ಕಳನ್ನು ಸೇರಿಸಿಕೊಳ್ಳಲ್ಲ' ಎಂದು ಹೇಳುವ ಹಾಗಿಲ್ಲ. ಹೇಳುತ್ತಾರೆ, ನಮಗೂ ಹೇಳಿದ್ದಾರೆ. ಆಗ ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿಆರ್‌ಸಿ ಕಚೇರಿಗೆ ಹೋಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವವರು ಅವರು.

ಕಾಗದ ಪತ್ರದ ಕೆಲಸಕ್ಕೆ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮೊದಲು ಅವರನ್ನು ಹುಡುಕಿ. ಮೊದಲ ಕೆಲಸ ಯುಡಿಐಡಿ ಕಾರ್ಡ್, ಅಂಗವಿಕಲರ ಗುರುತಿನ ಚೀಟಿ. ಅದಕ್ಕೆ ಆಸ್ಪತ್ರೆಯಲ್ಲಿ ಆಟಿಸಂ ಎಷ್ಟಿದೆ ಎಂದು ಅಳೆಯುವ ಐಎಸ್‌ಎಎ ಎಂಬ ಪರೀಕ್ಷೆ ಮಾಡಿ ಶೇಕಡಾವಾರು ಬರೆಯುತ್ತಾರೆ. ಪಿಂಚಣಿ, ಬಸ್ ಪಾಸ್ ಎಲ್ಲ ಅದರ ಮೇಲೆ ನಿಂತಿದೆ, 40ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನವು ಸಿಗಲ್ಲ. ಎರಡನೆಯದು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚಿಗೂ ಅದರಲ್ಲಿ ಸ್ವಲ್ಪ ಪಾಲು ಇದೆ. ಕಂತು ತುಂಬಾ ಕಡಿಮೆ. ನಮಗೆ ಯಾರೂ ಹೇಳದೆ ಐದು ವರ್ಷ ಹೋಯಿತು. ಇನ್ನೊಂದು, ಮಗನಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಅವನ ಪರವಾಗಿ ನಿರ್ಧರಿಸುವ ಪೋಷಕರು (ಗಾರ್ಡಿಯನ್) ತಾನಾಗಿಯೇ ನಾವಲ್ಲ. ಬೇಕಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ನಿಮಗೆ ಅದು ದೂರ, ಆದರೆ ತಿಳಿದಿರಲಿ.

ಹಬ್ಬಗಳಿಗೆ ತಯಾರಾಗಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕೋವಿ ಸದ್ದು, ಪಟಾಕಿ. ನನ್ನ ಮಗ ಮಂಚದ ಕೆಳಗೆ ಸೇರಿ ಕಿವಿ ಮುಚ್ಚಿಕೊಂಡು ಬೆಳಗಿನವರೆಗೂ ನಡುಗಿದ್ದ. ಈಗ ಕಳೆ ಕೊಚ್ಚುವ ಮೆಷಿನ್ ಹಿಡಿಯುವಾಗ ಹಾಕುತ್ತೇವಲ್ಲ, ಆ ಇಯರ್ ಮಫ್ ಅವನಿಗೂ ಒಂದು ಇದೆ. ಅದನ್ನು ಹಾಕಿಕೊಂಡು ಕದಿರು ತೆಗೆಯಲು ಗದ್ದೆವರೆಗೂ ಬರುತ್ತಾನೆ. ನಮ್ಮ ಕೇರಿಯವರು ಅವನು ಮನೆ ಸೇರುವವರೆಗೆ ಗುಂಡು ಹಾರಿಸುವುದಿಲ್ಲ. ಕೇಳಿದ್ದಕ್ಕೆ ಒಪ್ಪಿದರು, ಅಷ್ಟೇ. ಮಡಿಕೇರಿ ದಸರಾ ಮಂಟಪಗಳ ಮೆರವಣಿಗೆಯ ರಾತ್ರಿಗೆ ಮಾತ್ರ ಕರೆದುಕೊಂಡು ಹೋಗುವುದಿಲ್ಲ. ಜೂನ್, ಜುಲೈಯಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ, ಶಾಲೆಗೆ ದಿಢೀರ್ ರಜೆ ಕೊಡುತ್ತಾರೆ. ಇವರಿಗೆ ಅದು ತುಂಬಾ ಕಷ್ಟ. ಚಾರ್ಜ್ ಮಾಡಿದ ಒಂದು ದೀಪ ಅವನದೇ ಅಂತ ಇಟ್ಟಿರಿ.

ಗುಣ ಮಾಡುತ್ತೇವೆ ಎನ್ನುವವರು ಬರುತ್ತಾರೆ. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯೇ 2022ರಲ್ಲಿ ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದಿದೆ. ಲಸಿಕೆಯಿಂದ ಬಂತು ಎಂದು ಯಾರಾದರೂ ನಿಮ್ಮನ್ನು ದೂರಿದರೆ ಕೇಳಬೇಡಿ. ಆ ಮಾತು ಹಬ್ಬಿಸಿದ 1998ರ ಲೇಖನವನ್ನು, ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ನೀವು ಮೊಬೈಲ್ ತೋರಿಸಿದ್ದರಿಂದಲೂ ಅಲ್ಲ, ಬಸುರಿಯಾಗಿದ್ದಾಗ ತೋಟದ ಕೆಲಸ ಮಾಡಿದ್ದರಿಂದಲೂ ಅಲ್ಲ.

ನಿಮ್ಮ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ರಾತ್ರಿ ನಿದ್ದೆ ಇಲ್ಲ ಎಂದು. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಾವು ನಾಲ್ಕು ಅಮ್ಮಂದಿರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಮೈಸೂರಿನ ಬಸ್ಸಿನಲ್ಲೇ ಪರಿಚಯ ಆದವರು. ಹೆಚ್ಚಿಗೆ ಏನೂ ಮಾಡಲ್ಲ. ಒಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಉಳಿದ ಮೂವರು ಬಿಸಿ ಬಿಸಿ ಕಾಫಿ ಪೂರ್ತಿ ಕುಡಿಯುತ್ತೇವೆ. ನೀವೂ ಮೈಸೂರಿಗೆ ಹೋದಾಗ ಪಕ್ಕದಲ್ಲಿ ಕೂತ ಅಮ್ಮನ ಊರು ಕೇಳಿ. ಕುಶಾಲನಗರದವರೋ ಶನಿವಾರಸಂತೆಯವರೋ ಖಂಡಿತ ಸಿಗುತ್ತಾರೆ.

ಮೈಸೂರಿಗೆ ಹೋಗಿ ಬಂದು, ಆರು ತಿಂಗಳು ನೋಡಿ, ಆಮೇಲೂ ಬೆಂಗಳೂರು ಬೇಕು ಅನ್ನಿಸಿದರೆ ಹೋಗಿ. ಅದೂ ತಪ್ಪಲ್ಲ. ಆದರೆ ಈ ವಾರ ಮೂರು ಕೆಲಸ ಮಾಡಿ. ನಿಮ್ಮ ತೋಟದ ಕೆರೆಗೆ ಬೇಲಿ ಹಾಕಿಸಿ. ಗೇಟಿಗೆ ಮಗುವಿನ ಕೈಗೆ ಎಟುಕದ ಚಿಲಕ ಹಾಕಿಸಿ. ಭಾನುವಾರ ಗಂಡನನ್ನೂ ಕರೆದುಕೊಂಡು, ಮಗನ ಕೈ ಹಿಡಿದು, ಪಕ್ಕದ ಮನೆಗೆ ಹೋಗಿ.