65 ದಾಟಿದವರ ಸಾವಿನ ಪ್ರಮಾಣ ಏರಿದೆ ಅಂದ್ರೆ ಆ ಪ್ರದೇಶ ಹದಗೆಟ್ಟಿದೆ ಅಂತಾನಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಎರಡು ಪ್ರದೇಶಗಳಲ್ಲಿ 65 ದಾಟಿದವರ ಸಾವಿನ ಪ್ರಮಾಣ ನಿಮ್ಮ ಹತ್ತಿರ ಇದೆ, 2003ರಿಂದ 2019ರವರೆಗೆ. ಒಂದು ಕಡೆ ಏರಿದೆ, ಇನ್ನೊಂದು ಕಡೆ ಇಳಿದಿದೆ. ಏರಿದ ಕಡೆ ವಯಸ್ಸಾದವರ ಸ್ಥಿತಿ ಹದಗೆಟ್ಟಿದೆ ಅಂತ ವರದಿಯಲ್ಲಿ ಬರೆಯಬಹುದಾ ಅಂತ ಕೇಳಿದ್ದೀರಿ.

ಬರೆಯಬೇಡಿ, ಈಗಲೇ ಬೇಡ. ನಿಜ ಉಲ್ಟಾ ಇರುವ ಸಾಧ್ಯತೆ ಸಾಕಷ್ಟಿದೆ. ನಾನು ಇಂಥ ಟೇಬಲ್‌ಗಳ ಜೊತೆಗೇ ಕೆಲಸ ಮಾಡೋನು. ನೋಡಿದ ತಕ್ಷಣ ನನಗೆ ಅನುಮಾನ ಬರೋದು ‘65+’ ಅನ್ನೋ ಆ ಒಂದು ಕಾಲಂ ಮೇಲೆ.

65 ದಾಟಿದವರು ಅಂದರೆ ಒಂದೇ ವಯಸ್ಸಿನವರಲ್ಲ. ಅದರಲ್ಲಿ 66ರವರೂ ಇದ್ದಾರೆ, 96ರವರೂ ಇದ್ದಾರೆ. ನಡುವಯಸ್ಸು ದಾಟಿದ ಮೇಲೆ ಸಾಯುವ ಅಪಾಯ ಒಂದೇ ಲೆಕ್ಕದಲ್ಲಿ ಗುಣಿಸುತ್ತಾ ಏರುತ್ತದೆ ಅಂತ ಬೆಂಜಮಿನ್ ಗೊಂಪರ್ಟ್ಜ್ ಎಂಬ ಇಂಗ್ಲೆಂಡಿನ ವಿಮಾ ಗಣಿತಜ್ಞ 1825ರಲ್ಲೇ ಹೇಳಿದ್ದ. ಇವತ್ತಿನ ಲೆಕ್ಕದಲ್ಲಿ ಅದು ಹೆಚ್ಚು ಕಮ್ಮಿ ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಅಂದರೆ 65ರವರಿಗೆ ಇರುವ ಅಪಾಯಕ್ಕಿಂತ 89ರವರಿಗೆ ಇರೋದು ಹತ್ತಿರ ಹತ್ತಿರ ಎಂಟು ಪಟ್ಟು. ಇಷ್ಟು ವ್ಯತ್ಯಾಸ ಇರುವವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಸರಾಸರಿ ತೆಗೆದರೆ, ಆ ಸರಾಸರಿ ಆರೋಗ್ಯಕ್ಕಿಂತ ಜಾಸ್ತಿ ಹೇಳೋದು ಚೀಲದಲ್ಲಿ ಯಾರ್ಯಾರು ಎಷ್ಟೆಷ್ಟು ಇದ್ದಾರೆ ಅನ್ನೋದನ್ನ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ನಾನೇ ಇಟ್ಟುಕೊಂಡಿದ್ದು. ಎರಡೂ ಪ್ರದೇಶಗಳಲ್ಲಿ 65 ದಾಟಿದವರು ತಲಾ 10,000 ಅಂತಿರಲಿ. ಮೊದಲನೆಯದರಲ್ಲಿ 65ರಿಂದ 74ರವರು 6,000, 75ರಿಂದ 84ರವರು 3,000, 85 ದಾಟಿದವರು 1,000. ಸಾವಿನ ಪ್ರಮಾಣ ಕ್ರಮವಾಗಿ ಸಾವಿರಕ್ಕೆ 20, 50, 150. ಒಟ್ಟು ಸಾವು 420. ಅಂದರೆ ಸಾವಿರಕ್ಕೆ 42.

ಎರಡನೆಯದರಲ್ಲಿ ಅದೇ ಮೂರು ಗುಂಪು 8,000, 1,700, 300. ಸಾವಿನ ಪ್ರಮಾಣ ಸಾವಿರಕ್ಕೆ 24, 60, 170. ಗಮನಿಸಿ, ಯಾವ ವಯಸ್ಸು ತೊಗೊಂಡರೂ ಇಲ್ಲಿ ಸಾಯುವ ಅಪಾಯವೇ ಜಾಸ್ತಿ. ಆದರೂ ಒಟ್ಟು ಸಾವು 345. ಸಾವಿರಕ್ಕೆ 34.5 ಮಾತ್ರ! ಮೇಲಿಂದ ನೋಡಿದವರು ಎರಡನೆಯದೇ ವಾಸಿ ಅಂದುಬಿಡುತ್ತಾರೆ.

ಈಗ ಎರಡಕ್ಕೂ ಒಂದೇ ವಯಸ್ಸಿನ ಹಂಚಿಕೆ ಕೊಡಿ. ಎರಡರ ಸರಾಸರಿಯನ್ನೇ ಇಟ್ಟುಕೊಳ್ಳೋಣ: 7,000, 2,350, 650. ಆಯಾ ಪ್ರದೇಶದ ಪ್ರಮಾಣವನ್ನ ಇದಕ್ಕೆ ಹಾಕಿ ಗುಣಿಸಿದರೆ ಮೊದಲನೆಯದು ಸಾವಿರಕ್ಕೆ 35.5ಕ್ಕೆ ಇಳಿಯುತ್ತದೆ, ಎರಡನೆಯದು 42ರ ಹತ್ತಿರ ಹೋಗುತ್ತದೆ. ಚಿತ್ರ ಪೂರ್ತಿ ತಿರುಗಿಬಿತ್ತು. ಏಜ್ ಸ್ಟ್ಯಾಂಡರ್ಡೈಸೇಷನ್ ಅಂತ ಕೇಳಿರುತ್ತೀರಲ್ಲ, ಅದು ಇಷ್ಟೇ. ಹೆಸರು ದೊಡ್ಡದು, ಕೆಲಸ ಗುಣಾಕಾರ ಮತ್ತು ಕೂಡೋದು.

ಇದಕ್ಕೆ ಕಾಲವನ್ನೂ ಸೇರಿಸಿ ನೋಡಿ. ನಿಮ್ಮ ಪ್ರಶ್ನೆಯ ಮುಖ್ಯ ಗಂಟು ಇಲ್ಲೇ ಇರೋದು. ಒಂದು ಪ್ರದೇಶದಲ್ಲಿ ಎಪ್ಪತ್ತರ ಆಸುಪಾಸಿನವರಿಗೆ ಒಳ್ಳೆ ಚಿಕಿತ್ಸೆ ಸಿಕ್ಕಿತು, ಬಿಪಿ ಹಿಡಿತಕ್ಕೆ ಬಂತು, ಸಿಗರೇಟು ಸೇದೋದು ಕಮ್ಮಿಯಾಯಿತು ಅಂದುಕೊಳ್ಳಿ. ಅವರು ಬದುಕಿ ಉಳಿಯುತ್ತಾರೆ. ಹದಿನೈದು ವರ್ಷ ಕಳೆದರೆ ಅವರೇ 85 ದಾಟಿರುತ್ತಾರೆ, ಸಾವು ಜಾಸ್ತಿ ಇರುವ ವಯಸ್ಸಿಗೆ ಬಂದಿರುತ್ತಾರೆ. ಒಂದೊಂದೇ ವಯಸ್ಸು ತೆಗೆದು ನೋಡಿದರೆ ಎಲ್ಲ ಕಡೆ ಸಾವು ಇಳಿದಿರುತ್ತದೆ, 65+ ಒಟ್ಟು ಪ್ರಮಾಣ ಮಾತ್ರ ಏರಿರುತ್ತದೆ. ಹಿರಿಯರನ್ನ ಚೆನ್ನಾಗಿ ನೋಡಿಕೊಂಡ ಪ್ರದೇಶವೇ ಕೆಟ್ಟ ಹೆಸರು ಹೊತ್ತುಕೊಳ್ಳುತ್ತದೆ. ಇನ್ನೊಂದು ಕಡೆ ಆಗತಾನೇ 65 ದಾಟಿದವರು ದೊಡ್ಡ ಸಂಖ್ಯೆಯಲ್ಲಿ ಗುಂಪಿಗೆ ಸೇರಿದರೆ, ಯಾರೂ ಏನೂ ಮಾಡದೆಯೇ ಪ್ರಮಾಣ ಇಳಿಯುತ್ತದೆ. ಎರಡನೇ ಮಹಾಯುದ್ಧದ ನಂತರ ಜನನ ಏರಿದ ದೇಶಗಳಲ್ಲಿ 2011ರ ಸುಮಾರಿಗೆ ಹೀಗೇ ಆಯಿತು. 1946ರಲ್ಲಿ ಹುಟ್ಟಿದವರಿಗೆ ಆಗ 65 ತುಂಬಿತಲ್ಲ. ನಿಮ್ಮ ಟೇಬಲ್ಲಿನ ಸರಿಯಾಗಿ ಮಧ್ಯಕ್ಕೆ ಬರುತ್ತದೆ ಅದು.

ಹೀಗೆ ಎಲ್ಲ ಕಡೆಗೂ ಹಾಕುವ ಆ ಒಂದೇ ವಯಸ್ಸಿನ ಹಂಚಿಕೆಗೆ ಮಾದರಿ ಹಂಚಿಕೆ ಅನ್ನೋಣ. ಅದು ಯಾವುದು ಬೇಕಾದರೂ ಆರಿಸಿಕೊಳ್ಳಿ. ಯುರೋಪಿನದು ಇದೆ, 1976ರದ್ದು ಒಂದು, 2013ರದ್ದು ಒಂದು. ವಿಶ್ವ ಆರೋಗ್ಯ ಸಂಸ್ಥೆಯದೂ ಇದೆ. ಆದರೆ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ, ಎಲ್ಲ ಪ್ರದೇಶಕ್ಕೂ, ಒಂದೇ ಇರಲಿ. ಅಮೆರಿಕದಲ್ಲಿ 1998ರ ಅಂಕಿಅಂಶದವರೆಗೆ 1940ರ ಜನಸಂಖ್ಯೆಯ ಹಂಚಿಕೆ ಬಳಸುತ್ತಿದ್ದರು, 1999ರಿಂದ 2000ದ್ದಕ್ಕೆ ಬದಲಾದರು. ಒಂದು ಸಾವೂ ಜಾಸ್ತಿಯಾಗದೆ ಪ್ರಮಾಣ ಹೆಚ್ಚು ಕಮ್ಮಿ ಎರಡರಷ್ಟಾಯಿತು. ಹಳೇ ವರದಿಯಿಂದ ಒಂದು ಅಂಕಿ, ಹೊಸದರಿಂದ ಒಂದು ಅಂಕಿ ತೆಗೆದು ಪಕ್ಕಪಕ್ಕ ಇಡುವವರು ಇವತ್ತಿಗೂ ಸಿಗುತ್ತಾರೆ. ಕಾರಣವಾರು ಸಾವು ನೋಡುವುದಾದರೆ ಇನ್ನೂ ಹುಷಾರು ಬೇಕು. ಅದೇ 1999ರಲ್ಲಿ ಅಲ್ಲಿ ಸಾವಿನ ಕಾರಣಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪುಸ್ತಕವೂ (ಐಸಿಡಿ) ಒಂಬತ್ತನೆಯ ಆವೃತ್ತಿಯಿಂದ ಹತ್ತನೆಯದಕ್ಕೆ ಹೋಯಿತು. ಅವವೇ ಸರ್ಟಿಫಿಕೇಟುಗಳನ್ನ ಎರಡೂ ಪದ್ಧತಿಯಲ್ಲಿ ಕೋಡ್ ಮಾಡಿ ನೋಡಿದಾಗ ಆಲ್ಝೈಮರ್ ಸಾವುಗಳು ಅರ್ಧಕ್ಕಿಂತ ಜಾಸ್ತಿ ಏರಿದವು, ನ್ಯುಮೋನಿಯಾ ಸುಮಾರು ಶೇಕಡಾ 30 ಇಳಿಯಿತು.

ಶುರುವಿನ ವರ್ಷದ ಬಗ್ಗೆಯೂ ಒಂದು ಮಾತು. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ಹೆಚ್ಚುವರಿಯಾಗಿ ಸತ್ತರು, ಬಹುಪಾಲು ವಯಸ್ಸಾದವರೇ. ಮರುವರ್ಷ ಅಲ್ಲಿ ಸಾವು ಅಸಾಮಾನ್ಯವಾಗಿ ಕಮ್ಮಿ ಇತ್ತು. ಬರೀ ಈ ಎರಡು ವರ್ಷ ನೋಡಿದವರಿಗೆ ಭಾರೀ ಸುಧಾರಣೆ ಕಾಣುತ್ತದೆ. ನಿಮ್ಮ ಟೇಬಲ್ ಕೂಡ 2003ರಿಂದಲೇ ಶುರುವಾಗುತ್ತದೆ, ಅದಕ್ಕೇ ಹೇಳಿದೆ. ಮೂರರಿಂದ ಐದು ವರ್ಷ ಒಟ್ಟು ಸೇರಿಸಿ ಸರಾಸರಿ ತೊಗೊಳ್ಳಿ. 2020, 2021 ಸೇರಿಸುವ ಯೋಚನೆ ಇದ್ದರೆ ಅವನ್ನ ಬೇರೆಯಾಗಿಯೇ ತೋರಿಸಿ.

ಪ್ರದೇಶ ಚಿಕ್ಕದಾ? ಹಾಗಾದರೆ ಸುಮ್ನೆ ಏರಿಳಿತಕ್ಕೆಲ್ಲ ಅರ್ಥ ಹುಡುಕಬೇಡಿ. ವರ್ಷಕ್ಕೆ 25 ಸಾವಾಗುವ ಕಡೆ ಪ್ರಮಾಣ ಶೇಕಡಾ 40ರಷ್ಟು ಆ ಕಡೆ ಈ ಕಡೆ ಆಗೋದು ಬರೀ ಅದೃಷ್ಟದಿಂದಲೂ ಆಗಬಹುದು. 2,500 ಸಾವಿದ್ದರೆ ಅದು ಶೇಕಡಾ 4ಕ್ಕೆ ಬರುತ್ತದೆ.

ಇನ್ನು ಅಂಕಿಗಳ ಹುಟ್ಟು. ನಾನಂತೂ ಹೊಸ ಫೈಲ್ ಬಂದರೆ ಮೊದಲು ವಯಸ್ಸಿನ ಕಾಲಂ ತೆಗೆದು, ಒಂದೊಂದು ವರ್ಷಕ್ಕೆ ಎಷ್ಟು ಸಾವು ಅಂತ ಗ್ರಾಫ್ ಹಾಕುತ್ತೇನೆ. ದಾಖಲೆ ಸಡಿಲ ಇರುವ ಕಡೆ 70, 75, 80ರ ಮೇಲೆ ಕಂಬ ಎದ್ದಿರುತ್ತದೆ. 74, 76 ಬಡವಾಗಿರುತ್ತವೆ. ಮನೆಯವರು ‘ಒಂದು ಎಪ್ಪತ್ತೈದು ಆಗಿರಬಹುದು’ ಅಂದಿದ್ದನ್ನ ಹಾಗೇ ಬರೆದುಕೊಂಡಿರುತ್ತಾರೆ. ಗುಂಪು 75ರಿಂದಲೇ ಶುರುವಾಗುವುದರಿಂದ 73, 74ರವರೂ ಅದಕ್ಕೆ ಬಂದು ಬೀಳುತ್ತಾರೆ. ಒಂದು ಪ್ರದೇಶದಲ್ಲಿ ಕಾಲ ಕಳೆದಂತೆ ದಾಖಲೆ ಬಿಗಿಯಾದರೆ ಪ್ರಮಾಣವೂ ಬದಲಾಗುತ್ತದೆ, ಆರೋಗ್ಯ ಅಲ್ಲೇ ಇದ್ದರೂ. ಎಲ್ಲವೂ ಅಚ್ಚುಕಟ್ಟು ಅನ್ನಿಸುವ ಜಪಾನಿನಲ್ಲೇ 2010ರಲ್ಲಿ ಕುಟುಂಬದ ರಿಜಿಸ್ಟರ್‌ಗಳನ್ನ ತಿರುವಿ ಹಾಕಿದಾಗ, ನೂರು ದಾಟಿದ 2,30,000ಕ್ಕೂ ಹೆಚ್ಚು ಜನ ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದೆ ‘ಬದುಕಿದ್ದರು’. ಪುಣ್ಯಕ್ಕೆ ಅಲ್ಲಿನ ಆಯುಷ್ಯದ ಲೆಕ್ಕಕ್ಕೆ ಆ ರಿಜಿಸ್ಟರ್ ಆಧಾರ ಅಲ್ಲ, ಜನಗಣತಿ.

ಸತ್ತ ಜಾಗ ಬರೆದಿದ್ದಾರಾ, ವಾಸದ ಊರು ಬರೆದಿದ್ದಾರಾ ಅಂತಲೂ ಕೇಳಿ. ದೊಡ್ಡ ಆಸ್ಪತ್ರೆ ಇರುವ ಕಡೆ ಸುತ್ತಮುತ್ತಲಿನ ಸಾವೆಲ್ಲ ಬಂದು ಸೇರಿಕೊಳ್ಳುತ್ತದೆ. ವೃದ್ಧಾಶ್ರಮಗಳ ಕಥೆ ಇನ್ನೂ ಸೂಕ್ಷ್ಮ. ವಾಸದ ಊರೇ ಅದಾಗಿಬಿಟ್ಟಿರುವುದರಿಂದ ವಾಸದ ಲೆಕ್ಕ ಹಿಡಿದರೂ ಅದು ಸರಿಹೋಗುವುದಿಲ್ಲ. ನಿವೃತ್ತರು ಹೋಗಿ ನೆಲೆಸುವ ಫ್ಲೋರಿಡಾದಂಥ ಕಡೆ ಇದರ ಉಲ್ಟಾ: ಮನೆ ಬದಲಿಸುವಷ್ಟು ಗಟ್ಟಿ ಇರುವವರೇ ಅಲ್ಲಿಗೆ ಬರೋದು.

ಇಷ್ಟೆಲ್ಲ ಆದ ಮೇಲೂ ವ್ಯತ್ಯಾಸ ಉಳಿದರೆ ಅದನ್ನ ಗಟ್ಟಿಯಾಗಿಯೇ ಬರೆಯಿರಿ. ಇಳಿವಯಸ್ಸಿನ ಸಾವು ಹಣೆಬರಹ, ಪ್ರದೇಶದಿಂದ ಏನೂ ಬದಲಾಗಲ್ಲ ಅಂತ ಯಾರಾದರೂ ಅಂದರೆ ಜರ್ಮನಿ ತೋರಿಸಿ. 1990ರಲ್ಲಿ ಎರಡು ಜರ್ಮನಿ ಒಂದಾಗುವ ಹೊತ್ತಿಗೆ ಪೂರ್ವದ ಹಿರಿಯರ ಸಾವಿನ ಪ್ರಮಾಣ ಪಶ್ಚಿಮಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಇತ್ತು. ಮುಂದಿನ ವರ್ಷಗಳಲ್ಲಿ 80, 90 ದಾಟಿದವರಲ್ಲೂ ಅದು ಬೇಗ ಬೇಗ ಇಳಿದು ಪಶ್ಚಿಮದ ಹತ್ತಿರ ಬಂತು. ಜೀವನವೆಲ್ಲ ಹಳೇ ವ್ಯವಸ್ಥೆಯಲ್ಲೇ ಕಳೆದವರು ಅವರು. ಬದಲಾಗಿದ್ದು ಕೊನೆಯ ಕೆಲವು ವರ್ಷಗಳ ಪಿಂಚಣಿ, ಚಿಕಿತ್ಸೆ, ಆರೈಕೆ.

ಬರೆಯುವಾಗ ಅಂತರವನ್ನ ಎರಡೂ ರೀತಿ ಕೊಡಿ. ಸಾವಿರಕ್ಕೆ ಒಂದು ಕಡೆ 60, ಇನ್ನೊಂದು ಕಡೆ 50 ಇದ್ದಿದ್ದು 45 ಮತ್ತು 36ಕ್ಕೆ ಬಂತು ಅನ್ನಿ. ಕಳೆದು ನೋಡಿದರೆ ಅಂತರ 10ರಿಂದ 9ಕ್ಕೆ ಇಳಿದಿದೆ. ಭಾಗಿಸಿ ನೋಡಿದರೆ 1.2ರಿಂದ 1.25ಕ್ಕೆ ಏರಿದೆ. ತಮಗೆ ಬೇಕಾದ್ದನ್ನ ಮಾತ್ರ ತೋರಿಸುವವರು ಎರಡೂ ಪಾಳೆಯದಲ್ಲಿದ್ದಾರೆ.

ಸದ್ಯಕ್ಕೆ ಟೇಬಲ್ ಕೊಟ್ಟವರಿಗೆ ಪತ್ರ ಬರೆಯಿರಿ. ಐದೈದು ವರ್ಷದ ಗುಂಪುಗಳಲ್ಲಿ, ಕನಿಷ್ಠ 90ರವರೆಗೆ, ಗಂಡಸರು ಹೆಂಗಸರು ಬೇರೆ ಬೇರೆಯಾಗಿ, ಸಾವು ಎಷ್ಟು, ಜನ ಎಷ್ಟು ಅಂತ ಕೇಳಿ. ಪ್ರಮಾಣ ಬೇಡ, ಮೂಲ ಸಂಖ್ಯೆಗಳೇ ಬೇಕು ಅನ್ನಿ. ಅವರು 65+ ಬಿಟ್ಟರೆ ಬೇರೆ ಇಲ್ಲ ಅಂದರೆ, ಎರಡು ಪ್ರದೇಶಗಳಲ್ಲಿ 85 ದಾಟಿದವರ ಪಾಲು ಹೇಗೆ ಬದಲಾಗಿದೆ ಅಂತ ಜನಗಣತಿಯಿಂದಾದರೂ ತೆಗೆದು ನಿಮ್ಮ ಗ್ರಾಫಿನ ಪಕ್ಕದಲ್ಲೇ ಹಾಕಿ.